ಮಕ್ಕಳ ಸಂಗೀತವೂ ಮನೆಯ ಕಲಹವೂ

ದುಡಿಮೆ ನಿಂತುಹೋದ ಮನೆಯಲ್ಲಿ ಮೊದಲು ಬರಿದಾಗುವುದು ಉಳಿತಾಯದ ಖಾತೆ ಎಂಬುದು ಸಾಮಾನ್ಯ ತಿಳಿವಳಿಕೆ. ಬ್ಯಾಂಕಿನ ಮೇಜಿನ ಹಿಂದೆ ಬಹುಕಾಲ ಕುಳಿತವನ ಅನುಭವ ಬೇರೆ. ಗ್ರಾಚ್ಯುಯಿಟಿಯ ಹಣವೋ ಪ್ರಾವಿಡೆಂಟ್ ಫಂಡಿನ ಹಣವೋ ಕೆಲವು ಕಾಲ ಖಾತೆಯಲ್ಲಿ ಉಳಿದಿರುತ್ತದೆ. ಅದಕ್ಕೂ ಮೊದಲೇ ತಂದೆ ಮಕ್ಕಳ, ಅಣ್ಣ ತಂಗಿಯರ ನಡುವಣ ಮಾತು ಮುಗಿದುಹೋಗಿರುತ್ತದೆ. ಆ ನಷ್ಟವನ್ನು ಬರೆದಿಡಲು ಯಾವ ಪಾಸ್‌ಬುಕ್ಕಿನಲ್ಲಿಯೂ ಅಂಕಣವಿಲ್ಲ.

ಈ ನಷ್ಟದ ಲೆಕ್ಕವನ್ನು ಚೆನ್ನಾಗಿ ಬಲ್ಲ ಎರಡು ಕೃತಿಗಳನ್ನು ಸಹೃದಯ ಓದುಗರ ಮುಂದಿಡಬಯಸುತ್ತೇನೆ. ಒಂದು ನಮ್ಮ ನೆರೆಮನೆಯದು. ಇನ್ನೊಂದು ದೂರದ ಅಮೆರಿಕದ್ದು.

ಮೊದಲನೆಯದು ಜಯಂತ ಪವಾರರ ಮರಾಠಿ ನಾಟಕ ‘ಅಧಾಂತರ’. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕರಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಆ ಮುಷ್ಕರದ ನಂತರ ಗಿರಣಗಾಂವಿನ ಚಾಳೊಂದರಲ್ಲಿ ಉಳಿದ ಒಂದು ಕುಟುಂಬದ ಕಥೆಯಿದು. ಒಬ್ಬ ಮಗನಿಗೆ ಲೇಖಕನಾಗುವ ಹಂಬಲ. ಇನ್ನೊಬ್ಬನಿಗೆ ಕ್ರಿಕೆಟ್ಟಿನ ಹುಚ್ಚು. ಮತ್ತೊಬ್ಬ ಗೂಂಡಾಗಳ ಪಾಲು. ಮಗಳು ಮಂಜುವಿಗೆ ಅವಳದೇ ಸಂಕಟ. ಇವರೆಲ್ಲರ ನಡುವೆ ತಾಯಿ. ‘ಅಧಾಂತರ’ ಎಂದರೆ ನಡುವೆ ತೂಗಾಡುವ ಸ್ಥಿತಿ; ನಮ್ಮ ಮಾತಿನಲ್ಲಿ ತ್ರಿಶಂಕುವಿನ ಪಾಡು. 2010ರಲ್ಲಿ ಮಹೇಶ ಮಾಂಜ್ರೇಕರರು ಇದನ್ನು ಮರಾಠಿ, ಹಿಂದಿ ಎರಡರಲ್ಲಿಯೂ ಚಿತ್ರವಾಗಿಸಿದರು.

ಎರಡನೆಯದು 1987ರಲ್ಲಿ ತೆರೆಕಂಡ ‘ಲೈಟ್ ಆಫ್ ಡೇ’ ಎಂಬ ಇಂಗ್ಲಿಷ್ ಚಿತ್ರ. ‘ಟ್ಯಾಕ್ಸಿ ಡ್ರೈವರ್’ ಚಿತ್ರದ ಕಥೆಗಾರ ಪಾಲ್ ಶ್ರೇಡರ್ ಇದನ್ನು ಬರೆದು ನಿರ್ದೇಶಿಸಿದರು. ಉಕ್ಕು ಮತ್ತು ಕಾರ್ಖಾನೆಗಳ ನಗರವಾದ ಕ್ಲೀವ್‌ಲ್ಯಾಂಡಿನಲ್ಲಿ ಜೋ ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಅಕ್ಕ ಪ್ಯಾಟಿಯೊಡನೆ ಮದ್ಯದಂಗಡಿಗಳಲ್ಲಿ ರಾಕ್ ಸಂಗೀತ ನುಡಿಸುತ್ತಾನೆ. ಮದುವೆಯಿಲ್ಲದೆ ತಾಯಾದ ಪ್ಯಾಟಿಗೂ ದೈವಭಕ್ತೆಯಾದ ಅವಳ ತಾಯಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಇಬ್ಬರ ನಡುವೆ ಸಂಧಿವಿಗ್ರಹಿಯಾಗಿ ಜೋ ಬೇಯುತ್ತಾನೆ. ಕೊನೆಗೆ ತಾಯಿ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಾಗ ಮಾತ್ರ ತಾಯಿ ಮಗಳ ನಡುವೆ ಮಾತು ಮರಳುತ್ತದೆ.

ಈ ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂಬುದು ನನ್ನ ಅಭಿಮತ. ‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರದಲ್ಲಿ ನಗಿಸಿದ್ದ ಮೈಕೆಲ್ ಜೆ. ಫಾಕ್ಸ್‌ರನ್ನು ಎಣ್ಣೆಮೆತ್ತಿದ ಬಟ್ಟೆಯಲ್ಲಿ ಕಾಣಲು ಅವರ ಅಭಿಮಾನಿಗಳಿಗೆ ಇಷ್ಟವಿರಲಿಕ್ಕಿಲ್ಲ. ರಾಕ್ ಗಾಯಕಿ ಜೋನ್ ಜೆಟ್ ಅಭಿನಯಿಸಿದ ಮೊದಲ ಚಿತ್ರವಿದು. ಆಕೆಯ ಹಾಡಿಗಾಗಿ ಬಂದವರಿಗೆ ಆಸ್ಪತ್ರೆಯ ದೃಶ್ಯ ದೀರ್ಘವೆನಿಸಿರಬಹುದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬರೆದುಕೊಟ್ಟ ಶೀರ್ಷಿಕೆಗೀತೆ ಉಳಿಯಿತು, ಚಿತ್ರ ಮರೆಯಾಯಿತು. ಆದರೆ ಆ ಮನೆಯಲ್ಲಿ ಯಾರೂ ಖಳರಲ್ಲ ಎಂಬ ವಿವೇಕ ಅದಕ್ಕಿದೆ. ತಾಯಿಯ ಭಕ್ತಿ ನಿಜ, ಮಗಳ ರೋಷವೂ ನಿಜ. ಪ್ಯಾಟಿಯ ಹಠದಿಂದ ಅವಳ ಪುಟ್ಟ ಮಗ ಪಡುವ ಪಾಡನ್ನೂ ಚಿತ್ರ ಮುಚ್ಚಿಡುವುದಿಲ್ಲ.

ಎರಡು ಮನೆಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ ಒಂದು ಭೇದ ಎದ್ದು ಕಾಣುತ್ತದೆ. ‘ಅಧಾಂತರ’ದ ಮಕ್ಕಳ ಕನಸುಗಳು ಒಂಟಿ ಕನಸುಗಳು, ಒಬ್ಬನ ಕನಸಿನಲ್ಲಿ ಇನ್ನೊಬ್ಬನಿಗೆ ಸ್ಥಳವಿಲ್ಲ. ಜೋ ಮತ್ತು ಪ್ಯಾಟಿ ಎಷ್ಟೇ ಕಾದಾಡಲಿ, ವೇದಿಕೆಯೇರಿದಾಗ ಒಬ್ಬರ ತಾಳಕ್ಕೆ ಇನ್ನೊಬ್ಬರು ಕಿವಿಗೊಡಲೇಬೇಕು. ಮೇಳವೆಂಬುದು ಒಂಟಿಯಾಗಿ ಆಗುವ ಕೆಲಸವಲ್ಲ. ಸಂಗೀತ ಆ ಮನೆಯ ಕಲಹವನ್ನು ಪರಿಹರಿಸಲಿಲ್ಲ, ನಿಜ. ಕಲಹದ ನಡುವೆಯೂ ಒಡಹುಟ್ಟಿದವರನ್ನು ಒಂದೆಡೆ ನಿಲ್ಲಿಸಿತು.

ಇದು ನಮಗೇಕೆ ಎಂದು ಕೇಳುವವರು ಠಾಣೆಯ ವಾಗಳೆ ಎಸ್ಟೇಟಿನಿಂದ ಬೇಲಾಪುರ ರಸ್ತೆಯವರೆಗೆ, ಡೊಂಬಿವಲಿಯಿಂದ ಅಂಬರನಾಥದವರೆಗೆ ಒಮ್ಮೆ ಕಣ್ಣು ಹಾಯಿಸಬೇಕು. ಕಾರ್ಖಾನೆಯ ಸೈರನ್ನಿಗೆ ಏಳುತ್ತಿದ್ದ ಎಷ್ಟೋ ಕಡೆ ಇಂದು ಗೋಪುರದಂತಹ ವಸತಿಗಳೂ ಕಚೇರಿಗಳೂ ಎದ್ದಿವೆ. ಆ ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ ದುಡಿದ ಕನ್ನಡಿಗರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ವ್ಯಾಸರಾಯ ಬಲ್ಲಾಳರು ‘ಬಂಡಾಯ’ ಕಾದಂಬರಿಯಲ್ಲಿ ಮುಂಬಯಿಯ ಕಾರ್ಮಿಕ ಹೋರಾಟವನ್ನು ಕನ್ನಡಕ್ಕೆ ತಂದರು. 1986ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಆದರೆ ಅಂತಹ ಮನೆಯ ಒಳಕೋಣೆಯನ್ನು ನಮ್ಮ ಸಂಘಗಳ ವೇದಿಕೆ ಎಷ್ಟು ಬಾರಿ ತೋರಿಸಿದೆ?

ಹಿಂದಿನ ತಲೆಮಾರಿನ ಯುವಕರಿಗೆ ರಾತ್ರಿಶಾಲೆಯಿತ್ತು, ಭಜನಾ ಮಂಡಳಿಯಿತ್ತು, ಯಕ್ಷಗಾನದ ಮೇಳವಿತ್ತು. ದಿನವಿಡೀ ಲೋಟ ತೊಳೆದ ಹುಡುಗ ರಾತ್ರಿ ಕಿರೀಟ ಕಟ್ಟಿ ಅರ್ಜುನನಾಗುತ್ತಿದ್ದ. ಇಂದಿನ ಹುಡುಗನಿಗೆ ಗಿಟಾರ್ ಬೇಕು, ಡ್ರಮ್ಸ್ ಬೇಕು, ರ್‍ಯಾಪ್ ಬೇಕು. ಅದು ಬರಿಯ ಗದ್ದಲವೆಂದು ನಾವು ಮೂಗು ಮುರಿಯುತ್ತೇವೆ. ಚಂಡೆಯೇನು ಮೌನವಾದ್ಯವೆ? ಎರಡು ಕೋಣೆಯ ಮನೆಯಲ್ಲಿ ಅಭ್ಯಾಸಕ್ಕೆ ಜಾಗವಿಲ್ಲ. ನೆರೆಯವರ ತಕರಾರು ಬೇರೆ. ರೋಗಿಗಳಿಗೂ ಪರೀಕ್ಷೆಗೆ ಓದುವವರಿಗೂ ನೆಮ್ಮದಿ ಬೇಕೆಂಬ ಆ ತಕರಾರು ನ್ಯಾಯವೇ. ಆದುದರಿಂದಲೇ ಸಾರ್ವಜನಿಕ ಸ್ಥಳದ ಅಗತ್ಯ ಹೆಚ್ಚು.

ಇದೇ ಸಂಚಿಕೆಯಲ್ಲಿ ವೈದ್ಯಮಿತ್ರರು ದೇಹದ ಆರೋಗ್ಯದ ಕುರಿತು ಬೆಲೆಬಾಳುವ ಸಲಹೆಗಳನ್ನಿತ್ತಿರುತ್ತಾರೆ. ಮನೆಯೊಳಗಿನ ಮೌನವೂ ಒಂದು ವ್ಯಾಧಿ. ಕೆಲಸ ಕಳೆದುಕೊಂಡ ತಂದೆಯ ನಿದ್ರೆಗೆಡುವ ರಾತ್ರಿಗಳು, ಕುಡಿತಕ್ಕೆ ಜಾರುವ ಮಗ, ಇಬ್ಬರಿಗೂ ಉತ್ತರ ಹೇಳಲಾರದ ತಾಯಿ, ಇವರ ನೋವು ರಕ್ತದೊತ್ತಡದ ಪಟ್ಟಿಗೆ ಸಿಕ್ಕುವುದಿಲ್ಲ. ವೈದ್ಯರ ನೆರವು ಬೇಕಾದಲ್ಲಿ ಸಂಕೋಚವಿಲ್ಲದೆ ಪಡೆಯಲೇಬೇಕು. ಅದರ ಜೊತೆಗೆ ಸಮಾಜ ಮಾಡಬಹುದಾದ ಕೆಲಸವೂ ಇದೆ.

ನನ್ನ ಸೂಚನೆ ಸರಳವಾದುದು. ಸ್ವಂತ ಸಭಾಗೃಹವುಳ್ಳ ನಮ್ಮ ಸಂಘಗಳು ವಾರಕ್ಕೊಂದು ಸಂಜೆ, ಗೊತ್ತಾದ ವೇಳೆಗೆ, ಅದನ್ನು ಯುವಕ ಯುವತಿಯರ ವಾದ್ಯಮೇಳಕ್ಕೆ ಬಿಟ್ಟುಕೊಡಲಿ. ವಾದ್ಯಗಳ ಖರ್ಚನ್ನು ಸ್ಮರಣ ಸಂಚಿಕೆಯ ಜಾಹೀರಾತಿನ ಹಣದಲ್ಲಿ ಒಂದು ಪಾಲಿನಿಂದ ಭರಿಸಬಹುದು. ವಾರ್ಷಿಕೋತ್ಸವದಲ್ಲಿ ಅವರಿಗೆ ಅರ್ಧ ಗಂಟೆ ಸಿಗಲಿ. ತಂದೆತಾಯಿಗಳು ಮುಂದಿನ ಸಾಲಿನಲ್ಲಿ ಕುಳಿತು ಕೊನೆಯವರೆಗೆ ಕೇಳಲಿ. ರುಚಿಸದಿದ್ದರೆ ಮನೆಗೆ ಹೋಗುವ ದಾರಿಯಲ್ಲಿ ಹಾಗೆಂದು ಹೇಳಲಿ, ಮಗನೂ ಮರುನುಡಿಯಲಿ. ಅಷ್ಟಾದರೂ ಮಾತು ನಡೆಯಿತಲ್ಲ! ಪ್ಯಾಟಿಯ ತಾಯಿಗೆ ಅದು ಮರಣಶಯ್ಯೆಯಲ್ಲಿ ದೊರೆಯಿತು. ನಾವು ಅಲ್ಲಿಯವರೆಗೆ ಕಾಯಬೇಕಾದ ಕಾರಣವಿಲ್ಲ.