ವಿಧಿವಿಜ್ಞಾನ: ಕಾನೂನು ಬಂದಿದೆ, ಹುದ್ದೆಗಳೂ ಬರಲಿ

ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರ ಹತ್ಯೆಯಾದದ್ದು 2015ರ ಆಗಸ್ಟ್ 30ರಂದು. ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದದ್ದು 2017ರ ಸೆಪ್ಟೆಂಬರ್ 5ರಂದು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲ್ ಎಂದು ವರದಿ ಕೊಟ್ಟಿದ್ದು ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್). ಗುಂಡು ಹಾರಿದಾಗ ಖಾಲಿ ಕಾಟ್ರಿಜ್‌ನ ತಳದಲ್ಲಿ ಫೈರಿಂಗ್ ಪಿನ್‌ನ ಗುರುತು ಉಳಿಯುತ್ತದೆ, ಗುಂಡಿನ ಮೈಮೇಲೆ ನಳಿಕೆಯ ಗೀರುಗಳು ಮೂಡುತ್ತವೆ. ತಜ್ಞರು ಅವನ್ನು ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ಗೀರಿಗೆ ಗೀರು ತಾಳೆ ನೋಡುತ್ತಾರೆ. ಆಯುಧ ಸಿಗದಿದ್ದರೂ ಇಷ್ಟನ್ನು ಹೇಳಲು ಸಾಧ್ಯ.

ಇಂಥ ಕೆಲಸ ಈಗ ತನಿಖೆಯ ಕಡ್ಡಾಯ ಭಾಗವಾಗುತ್ತಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೊ ಮಾಡಿಸಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ಕೊಲೆ, ಅತ್ಯಾಚಾರ, ದರೋಡೆ ಯಾವ ತಾಲ್ಲೂಕಿನಲ್ಲಿ ನಡೆದರೂ ತಜ್ಞರು ಹೋಗಬೇಕೆಂದ ಮೇಲೆ, ಅಷ್ಟು ಮಂದಿ ಇರಬೇಕಲ್ಲವೇ?

ಓದುವವರಿಗೆ ಕೊರತೆಯಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದ ಮಕ್ಕಳು ವಿಧಿವಿಜ್ಞಾನದ ಬಿ.ಎಸ್ಸಿ.ಗೆ ಸೇರುತ್ತಿದ್ದಾರೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯೂ ಆಗಿದೆ. ಆದರೆ ಪದವಿಯ ಹೆಸರೊಂದೇ ಕೆಲಸ ಕೊಡಿಸುವುದಿಲ್ಲ. ವಿಷ ಪತ್ತೆಗೆ ರಸಾಯನಶಾಸ್ತ್ರ, ಡಿಎನ್‌ಎಗೆ ತಳಿಶಾಸ್ತ್ರ, ಬಂದೂಕಿನ ವಿಭಾಗಕ್ಕೆ ಭೌತಶಾಸ್ತ್ರ, ಮೊಬೈಲ್ ಮತ್ತು ಹಾರ್ಡ್ ಡಿಸ್ಕ್‌ಗೆ ಕಂಪ್ಯೂಟರ್ ವಿಜ್ಞಾನ ಗಟ್ಟಿಯಾಗಿರಬೇಕು. ಮರಣೋತ್ತರ ಪರೀಕ್ಷೆ ಮಾಡಬಯಸುವವರು ಎಂಬಿಬಿಎಸ್ ಓದಲೇಬೇಕು; ಅದರಲ್ಲಿ ತಜ್ಞರಾಗಬೇಕೆಂದರೆ ವಿಧಿವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಬೇಕು.

ಕಾನೂನೂ ಗೊತ್ತಿರಬೇಕು. ಆರೋಪಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ನೀಡಿದ್ದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲೇ. ವರದಿ ಬರೆದವರು ಕಟಕಟೆಯಲ್ಲಿ ನಿಂತು ಪಾಟೀಸವಾಲಿಗೂ ಉತ್ತರಿಸಬೇಕಾಗುತ್ತದೆ. ಮಾದರಿಯ ಮೊಹರು ಯಾವಾಗ ಒಡೆದಿರಿ, ಯಾರ ಕೈಯಿಂದ ಪಡೆದಿರಿ ಎಂಬಲ್ಲಿ ತಡವರಿಸಿದರೆ ಪ್ರಕರಣವೇ ಬಿದ್ದುಹೋಗಬಹುದು.

ಖಾಸಗಿ ವಲಯದ ಬಾಗಿಲು ತೆರೆದಿದೆ. ಬ್ಯಾಂಕುಗಳು, ವಿಮಾ ಕಂಪನಿಗಳು, ಲೆಕ್ಕಪರಿಶೋಧನಾ ಸಂಸ್ಥೆಗಳು, ಬೆಂಗಳೂರಿನ ಸೈಬರ್ ಭದ್ರತಾ ಕಂಪನಿಗಳು ಡಿಜಿಟಲ್ ಸಾಕ್ಷ್ಯ ಬಲ್ಲವರನ್ನು ಹುಡುಕುತ್ತಿವೆ. ಡಿಎನ್‌ಎ, ವಿಷ, ಬಂದೂಕು ಕಲಿತವರಿಗೆ ಮಾತ್ರ ಸರ್ಕಾರಿ ಪ್ರಯೋಗಾಲಯವೇ ಮುಖ್ಯ ದಾರಿ. ಬೆಂಗಳೂರಿನ ಮಡಿವಾಳದಲ್ಲಿ ಮುಖ್ಯ ಪ್ರಯೋಗಾಲಯವಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿ ಮೊದಲಾದೆಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಅಪರಾಧ ಸ್ಥಳಕ್ಕೆಂದೇ ‘ಸೋಕೋ’ (ಸೀನ್ ಆಫ್ ಕ್ರೈಮ್ ಆಫೀಸರ್) ಅಧಿಕಾರಿಗಳನ್ನು ನೇಮಿಸಿಕೊಂಡು ಕರ್ನಾಟಕ ಒಳ್ಳೆಯ ಹೆಜ್ಜೆಯನ್ನೇ ಇಟ್ಟಿದೆ. ಅದು ಒಂದು ಸಲದ ನೇಮಕಾತಿಯಾಗಿ ನಿಲ್ಲಬಾರದು.

‘ಎಫ್‌ಎಸ್‌ಎಲ್ ವರದಿ ಇನ್ನೂ ಬಂದಿಲ್ಲ’ ಎಂಬ ಮಾತು ನ್ಯಾಯಾಲಯಗಳಿಗೆ ಹೊಸದಲ್ಲ. ಆ ಕಾಯುವಿಕೆಯಲ್ಲಿ ನೊಂದ ಕುಟುಂಬವೂ ಬೇಯುತ್ತದೆ, ನಿರಪರಾಧಿಯೂ ಜೈಲಿನಲ್ಲಿ ಕೊಳೆಯಬಹುದು. ಸರ್ಕಾರ ಪ್ರತಿ ವರ್ಷ ನೇಮಕಾತಿ ವೇಳಾಪಟ್ಟಿ ಪ್ರಕಟಿಸಲಿ, ಗುತ್ತಿಗೆಯ ಬದಲು ಕಾಯಂ ಹುದ್ದೆ ಕೊಡಲಿ. ಪೋಷಕರು ಶುಲ್ಕ ಕಟ್ಟುವ ಮುನ್ನ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿ ಯಾವ ಉಪಕರಣಗಳಿವೆ, ಅವುಗಳ ಮೇಲೆ ಮಕ್ಕಳಿಗೆ ಕೈಯಾಡಿಸಲು ಬಿಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಲಿ.