ಮನೆಯೇ ರೋಗ ತಂದರೆ ಬಾಡಿಗೆ ಯಾರಿಗೆ?

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳಲ್ಲಿ ಮೊದಲನೆಯದು ಗಾಳಿ. ಗೋಡೆಯಲ್ಲಿ ನೀರೊಸರಿ ಬೂಷ್ಟು ಹಿಡಿದ ಕೋಣೆಯಲ್ಲಿ ಮಲಗುವ ಮಗುವಿನ ಉಬ್ಬಸ ಬರೀ ಔಷಧಿಯಿಂದ ಹತೋಟಿಗೆ ಬರುವುದು ಕಷ್ಟ. ಗೋಡೆ ಸರಿಯಾಗಬೇಕು. ಬಾಡಿಗೆ ಪಡೆಯುವ ಮಾಲೀಕ ಅದನ್ನು ಮಾಡಿಸದಿದ್ದರೆ?

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇದಕ್ಕೆ 1965ರಿಂದ '7ಎ' ಎಂಬ ಕಾನೂನಿದೆ. ಚಳಿಗಾಲದ ಶಾಖ, ನೀರು, ವಿದ್ಯುತ್ ಇಲ್ಲದೆ ಅಥವಾ ಚರಂಡಿ ಕೆಟ್ಟು, ಇಲಿ ತುಂಬಿ ಅಪಾಯದ ಸ್ಥಿತಿ ಐದು ದಿನ ಮುಂದುವರಿದರೆ, ಬಾಡಿಗೆದಾರರಲ್ಲಿ ಮೂರನೇ ಒಂದು ಭಾಗದವರು ಅಥವಾ ನಗರದ ವಸತಿ ಇಲಾಖೆ ಕೋರ್ಟಿಗೆ ಹೋಗಬಹುದು. ಕೋರ್ಟ್ ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಬಾಡಿಗೆ ಅವರ ಕೈ ಸೇರಿ ದುರಸ್ತಿಗೆ ಖರ್ಚಾಗುತ್ತದೆ.

ಇದು ಮಾಲೀಕನ ಹಕ್ಕನ್ನು ಕಸಿದಂತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಡೆತನ ಅವನದೇ ಉಳಿಯುತ್ತದೆ; ನಿಲ್ಲುವುದು ದುರಸ್ತಿ ಮಾಡದೆ ಬಾಡಿಗೆ ತಿನ್ನುವುದು ಮಾತ್ರ. ನಿಜವಾದ ತೊಡಕು ಹಣದ್ದು. ಶಿಥಿಲ ಕಟ್ಟಡದ ಬಾಡಿಗೆ ಅದರ ದುರಸ್ತಿಗೆ ಸಾಲದಿರಬಹುದು. ಅದಕ್ಕೇ ಅಲ್ಲಿ ನಗರಾಡಳಿತ ಸಾಲ ಕೊಡುತ್ತದೆ. ಈ ನೆರವಿಲ್ಲದೆ ಕೋರ್ಟಿನ ಆದೇಶ ಔಷಧಿಯಿಲ್ಲದ ಚೀಟಿ.

ಒಬ್ಬರ ದೂರಿಗೆ ಮನೆ ಬಿಡಿ ಎಂಬ ಉತ್ತರ ಸುಲಭ. ಹತ್ತು ಮನೆಯವರು ಒಟ್ಟಾಗಿ ಕೇಳಿದರೆ ಅದು ಅಷ್ಟು ಸುಲಭವಲ್ಲ. ಈ ಕಾನೂನಿನ ಬಲ ಇರುವುದು ಅಲ್ಲಿಯೇ.