ಬೂದಿದಿಬ್ಬವೂ ಆನ್‌ಲೈನ್ ಪಾಠವೂ

ಒಂದು ಸೆಮಿಸ್ಟರಿನ ಪಾಠಗಳಲ್ಲಿ ನೂರಕ್ಕೆ 40ರವರೆಗೆ 'ಸ್ವಯಂ' ವೇದಿಕೆಯ ಮೂಲಕವೇ ಕಲಿಯಬಹುದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿ ಅನುಮತಿಯಿತ್ತ ಮೇಲೆ, ಆನ್‌ಲೈನ್ ಶಿಕ್ಷಣ ಬೇಕೆ ಬೇಡವೆ ಎಂಬ ವಾದವು ಹಳಸಿತು. ಅದನ್ನು ಹೇಗೆ ರಚಿಸಬೇಕೆಂಬ ವಿಚಾರವಾದರೋ ಇನ್ನೂ ಸರಿಯಾಗಿ ಆರಂಭವಾದಂತಿಲ್ಲ. ತರಗತಿಯ ಉಪನ್ಯಾಸವನ್ನೇ ಕ್ಯಾಮೆರಾದ ಮುಂದೆ ಒಪ್ಪಿಸಿ, ಕೊನೆಗೆ ನಾಲ್ಕು ಉತ್ತರಗಳಲ್ಲೊಂದಕ್ಕೆ ಗುರುತು ಹಾಕಿಸಿದರೆ ಪಾಠವಾಯಿತೆಂದು ತಿಳಿಯುವವರೇ ಹೆಚ್ಚು.

ಪ್ರಾಚೀನ ಇತಿಹಾಸವನ್ನೇ ತೆಗೆದುಕೊಳ್ಳೋಣ. ಬಳ್ಳಾರಿಗೆ ಸಮೀಪದ ಸಂಗನಕಲ್ಲು, ಕುಪ್ಪಗಲ್ಲುಗಳ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ದನ ಸಾಕಿ, ಕರಿಗಲ್ಲಿನಿಂದ ಕೊಡಲಿಗಳನ್ನು ಮಾಡಿ ಬಾಳಿದರೆಂಬುದನ್ನೂ, ರಾಬರ್ಟ್ ಬ್ರೂಸ್ ಫೂಟ್, ಬಿ. ಸುಬ್ಬರಾವ್ ಮೊದಲಾದವರು ಅಲ್ಲಿ ನಡೆಸಿದ ಶೋಧಗಳನ್ನೂ ತೆರೆಯ ಮೇಲೆ ಬರೆದು ತೋರಿಸುವುದಕ್ಕೆ ಹತ್ತು ನಿಮಿಷ ಸಾಕು. ವಿದ್ಯಾರ್ಥಿಯು ಅದನ್ನು ಮರೆಯುವುದಕ್ಕೆ ಪರೀಕ್ಷೆಯ ಮರುದಿನ ಸಾಕು.

ಅದೇ ಪಾಠವನ್ನು ಕುಪ್ಪಗಲ್ಲಿನ ಬೂದಿದಿಬ್ಬದಿಂದ ತೊಡಗಿದರೆ ಸಂಗತಿಯೇ ಬೇರೆ. ರಾಕ್ಷಸರನ್ನು ಸುಟ್ಟ ಬೂದಿಯೆಂದು ಈ ಸೀಮೆಯ ಜನ ಇಂಥ ದಿಬ್ಬಗಳನ್ನು ಕುರಿತು ಹೇಳಿಕೊಂಡು ಬಂದರು; ಸಗಣಿಯ ಬೂದಿಯೆಂದು ಫೂಟ್ ಊಹಿಸಿದನು; 1957ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಉತ್ನೂರಿನ ಇಂಥದೇ ದಿಬ್ಬವನ್ನು ಅಗೆದಾಗ ದನದ ದೊಡ್ಡಿಯ ಗೂಟದ ಕುಳಿಗಳೂ ಗೊರಸಿನ ಗುರುತುಗಳೂ ಕಂಡುಬಂದುವು. ಮೊದಲ ವಾರ ದಿಬ್ಬದ ಚಿತ್ರಗಳನ್ನೂ ಅದರೊಳಗಿನ ಕಿಟ್ಟದಂಥ ಗಟ್ಟಿಗಳನ್ನೂ ಮಾತ್ರ ತೋರಿಸಿ, ನಿರ್ಣಯವನ್ನು ಬಚ್ಚಿಟ್ಟು, ಇದೇನಿರಬಹುದೆಂದು ವಿದ್ಯಾರ್ಥಿಯಿಂದ ಅರ್ಧ ಪುಟ ಕನ್ನಡದಲ್ಲಿ ಬರೆಯಿಸಬೇಕು. ಉತ್ನೂರಿನ ಸಾಕ್ಷ್ಯವನ್ನು ಆಮೇಲೆ ಕೊಟ್ಟು, ತಾನು ಬರೆದುದನ್ನು ತಾನೇ ತಿದ್ದುವಂತೆ ಮಾಡಬೇಕು. ಊಹೆಯನ್ನು ಸಾಕ್ಷ್ಯದೆದುರು ನಿಲ್ಲಿಸುವ ಈ ಅಭ್ಯಾಸವೇ ಇತಿಹಾಸದ ಶಿಕ್ಷಣ, ಮಿಕ್ಕುದು ಮಾಹಿತಿ.

ಇಂಥ ನೆಲೆಯನ್ನು ಕಣ್ಣಾರೆ ನೋಡಲು ಸಿರುಗುಪ್ಪದ ವಿದ್ಯಾರ್ಥಿ ಬಸ್ಸು ಹಿಡಿದು ಸಂಗನಕಲ್ಲಿಗೇ ಬರಬೇಕಾದುದಿಲ್ಲ. ಅವನ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟದಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅಗೆದ ನೆಲೆಯೇ ಇದೆ. ಎಲ್ಲರಿಗೂ ಒಂದೇ ವಿಡಿಯೊ, ಒಬ್ಬೊಬ್ಬರಿಗೆ ಅವರವರ ಬೆಟ್ಟ: ಇಂಥ ವ್ಯವಸ್ಥೆ ತರಗತಿಯ ಗೋಡೆಗಳ ನಡುವೆ ಸಾಧ್ಯವಾಗದು. ಹಾಗೆಂದು ಎಲ್ಲವನ್ನೂ ಬೆಟ್ಟಕ್ಕೇ ಬಿಡಬೇಕೆಂದಲ್ಲ. ಬಡಿದರೆ ಗಂಟೆಯಂತೆ ನಾದಗೈಯುವ ಬಂಡೆಗಳು ಕುಪ್ಪಗಲ್ಲಿನಲ್ಲಿವೆಯೆಂಬುದು ಸರಿ. ಆದರೆ ವರ್ಷವರ್ಷವೂ ವಿದ್ಯಾರ್ಥಿಗಳ ತಂಡಗಳು ಬಂದು ಅವನ್ನು ಬಡಿದರೆ ಅವುಗಳ ಮೇಲಿನ ಪುರಾತನರ ಗುರುತುಗಳು ಉಳಿಯವು. ಕಲ್ಲುಗಣಿಗಾರಿಕೆಯು ಈಗಾಗಲೇ ಮಾಡಿರುವ ಹಾನಿಯೇ ಸಾಲದೆ? ಆ ನಾದವನ್ನು ಧ್ವನಿಮುದ್ರಿಸಿ ಮೊಬೈಲಿನಲ್ಲಿ ಕೇಳಿಸುವುದೇ ಲೇಸು.

ಕಷ್ಟವಿರುವುದು ಬೇರೊಂದೆಡೆ. ಒಂದು ವಿಡಿಯೊವನ್ನು ಸಾವಿರಾರು ಮಂದಿ ನೋಡಬಹುದು, ಆದರೆ ಸಾವಿರ ಅರ್ಧಪುಟಗಳನ್ನು ಒಬ್ಬ ಅಧ್ಯಾಪಕ ಓದಲಾರ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳಲಾರಂಭಿಸಿದಂದಿನಿಂದ ದೂರಶಿಕ್ಷಣವನ್ನು ಬಾಧಿಸುತ್ತಿರುವ ಪ್ರಶ್ನೆಯಿದು; ಆನ್‌ಲೈನ್ ಎಂದರೆ ಅಧ್ಯಾಪಕರ ಉಳಿತಾಯವೆಂದು ಎಣಿಸುವ ಆಡಳಿತವು ಇದನ್ನು ಎಂದೂ ಬಿಡಿಸಲಾರದು. ಉತ್ತರಗಳನ್ನೋದಿ ತಿದ್ದುವ ಗಂಟೆಗಳನ್ನು ಬೋಧನೆಯ ಗಂಟೆಗಳೆಂದೇ ಲೆಕ್ಕ ಹಿಡಿಯುವ ನಿಯಮವೊಂದು ಬೇಕು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಮೊದಲು ಒಂದೇ ಒಂದು ಪತ್ರಿಕೆಗೆ, ಮೂವತ್ತು ವಿದ್ಯಾರ್ಥಿಗಳಿಗೊಬ್ಬ ಅಧ್ಯಾಪಕನಂತೆ, ಇದನ್ನು ನಡೆಸಿ ನೋಡಬಹುದು.